ಎಡಗೈ ಮೇಷ್ಟ್ರು

ಅಪ್ಪನ ಬಲಗೈ ಹೇಗಿತ್ತೆಂದು ಮಗಳಿಗೆ ಗೊತ್ತಿಲ್ಲ. ಅವಳು ಹುಟ್ಟುವುದಕ್ಕೂ ಎಷ್ಟೋ ಮೊದಲೇ ಅದು ಮೊಣಕೈಯ ಕೆಳಗಿನಿಂದ ಹೋಗಿತ್ತು. ಅವಳ ಪಾಲಿಗೆ ಅಪ್ಪ ಎಂದರೆ ಒಂದು ಕೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಡಚಿ ಪಿನ್ನು ಹಾಕಿದ ಬಲತೋಳು ಮತ್ತು ಬೀದಿಯ ಆ ತುದಿಗೂ ಕೇಳಿಸುವ ಗಂಟಲು. ಚಿಕ್ಕವಳಿದ್ದಾಗ ಬೇರೆ ಮಕ್ಕಳ ಅಪ್ಪಂದಿರಿಗೆ ಎರಡೆರಡು ಕೈ ಇರುವುದನ್ನು ಕಂಡು, "ಅಷ್ಟೊಂದು ಯಾಕಮ್ಮ ಅವರಿಗೆ?" ಎಂದು ಕೇಳಿದ್ದಳಂತೆ. ಅಮ್ಮ ಆ ಮಾತನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಕೈ ಹೋದ ಕಥೆ ಹೇಳುತ್ತಿದ್ದವಳೂ ಅಮ್ಮನೇ. ಅಪ್ಪನನ್ನು ಕೇಳಿದರೆ, "ಅದು ನನ್ನ ಬಿಟ್ಟು ಹೋಯ್ತು, ನಾನು ಅದನ್ನ ಬಿಟ್ಟು ಬಂದೆ, ಲೆಕ್ಕ ಚುಕ್ತಾ" ಎಂದು ಮಾತು ಮುಗಿಸಿಬಿಡುತ್ತಿದ್ದರು.

ಅಪ್ಪ ಬೇಕರಿ ಕೆಲಸಗಾರನ ಮಗ. ಒಲೆಯ ಮುಂದೆ ಬ್ರೆಡ್ಡಿನ ತಟ್ಟೆ ಎಳೆಯುತ್ತ ಬೆಳೆದವರು. ಶಾಲೆಯಲ್ಲಿ ಲೆಕ್ಕ ಚೆನ್ನಾಗಿ ಬರುತ್ತಿತ್ತು, ಮುಂದೆ ಓದಿಸುವ ಚೈತನ್ಯ ಮನೆಯಲ್ಲಿರಲಿಲ್ಲ. ಮೀಸೆ ಚಿಗುರುವ ವಯಸ್ಸಿಗೇ ನೌಕಾಪಡೆ ಸೇರಿದರು. ಹಡಗಿನಲ್ಲಿ ಅವರದು ಮೇಲಟ್ಟದ ಕೆಲಸ: ಹಗ್ಗ ಎಳೆಯುವುದು, ಲಂಗರು ಇಳಿಸುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು. ಬಿಡುವು ಸಿಕ್ಕಿತೆಂದರೆ ನಕ್ಷೆ ಕೋಣೆಯ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದರು. ಸುತ್ತ ನೀರು ಬಿಟ್ಟರೆ ಬೇರೇನೂ ಇಲ್ಲದ ಕಡೆ, ಒಂದು ನಕ್ಷತ್ರ ನೋಡಿ ಹಡಗು ಎಲ್ಲಿದೆಯೆಂದು ಕಂಡುಹಿಡಿಯುವುದು ಅವರಿಗೆ ದೊಡ್ಡ ಸೋಜಿಗವಾಗಿ ಕಾಣುತ್ತಿತ್ತು.

ಒಂದು ಸಂಜೆ ಹಡಗು ಬಂದರಿಗೆ ಬರುತ್ತಿತ್ತು. ಗಾಳಿ ಜೋರಾಗಿತ್ತು. ಸ್ವಲ್ಪ ಹೊತ್ತು ಹೊರಗೇ ನಿಂತು, ಗಾಳಿ ಇಳಿದ ಮೇಲೆ ಒಳಬರಬಹುದಿತ್ತು. ಆದರೆ ಹಡಗು ಕಟ್ಟುವ ದಕ್ಕೆಯ ಮೇಲೆ ಯಾರೋ ದೊಡ್ಡವರು ಬ್ಯಾಂಡಿನವರ ಸಮೇತ ಕಾದಿದ್ದರು. ಅವರನ್ನು ಕಾಯಿಸಬಾರದೆಂದು ಮೇಲಧಿಕಾರಿಗಳಿಗೆ ಆತುರ. ಅಲೆಯ ಹೊಡೆತಕ್ಕೆ ಹಡಗು ಒಮ್ಮೆ ಹಿಂದಕ್ಕೆ ಜಗ್ಗಿತು. ಸಡಿಲವಾಗಿದ್ದ ಹಗ್ಗ ಸಟ್ಟನೆ ಬಿಗಿಯಿತು. ಹಗ್ಗ ಸುತ್ತುವ ಯಂತ್ರ ಅಪ್ಪನ ಬಲಗೈಯನ್ನೂ ಅದರ ಜೊತೆಗೇ ಸುತ್ತಿಕೊಂಡಿತು. ಪಕ್ಕದಲ್ಲಿದ್ದವನು ಓಡಿಹೋಗಿ ಯಂತ್ರ ನಿಲ್ಲಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ದಕ್ಕೆಯ ಮೇಲೆ ಬ್ಯಾಂಡು ಬಾರಿಸುತ್ತಲೇ ಇತ್ತಂತೆ.

ನೌಕಾಪಡೆಯ ಆಸ್ಪತ್ರೆಯಲ್ಲಿ ಅಮ್ಮ ನರ್ಸು. ಹೊಸ ರೋಗಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಊಟ ಮುಟ್ಟದೆ ಮಲಗಿದ್ದ. ಎರಡು ದಿನ ಸುಮ್ಮನಿದ್ದ ಅಮ್ಮ ಮೂರನೆಯ ದಿನ ಅವನ ಎಡಗೈಗೆ ಚಮಚ ತುರುಕಿ, "ಅಳೋದಾದ್ರೆ ಅತ್ಕೊಳಿ, ನಾನು ಬೇಡ ಅನ್ನಲ್ಲ. ಆದ್ರೆ ತಿನ್ನಿಸೋಕೆ ನಂಗೆ ಟೈಮಿಲ್ಲ. ಆ ಕಡೆ ಇನ್ನೂ ಹತ್ತು ಜನ ಇದಾರೆ" ಎಂದಳು. ಮೊದಲ ತುತ್ತು ಅಂಗಿಯ ಮೇಲೆ ಬಿತ್ತು. ಎರಡನೆಯದು ಗದ್ದದ ಮೇಲೆ. ಮೂರನೆಯದು ಬಾಯಿಗೆ ಹೋಯಿತು. "ನೋಡಿ, ಬಾಯಿ ಇನ್ನೂ ಅದೇ ಜಾಗದಲ್ಲಿದೆ" ಎಂದಳಂತೆ ಅಮ್ಮ.

ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡ ಒಬ್ಬ ಮುದುಕ. ಪಡೆಯ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಮಲಗಿ ಮಲಗಿ ಬೇಜಾರಾಗಿ, ಈ ಹುಡುಗನಿಗೆ ಒಂದು ಕೆಲಸ ಕೊಟ್ಟ: "ಒಂದು ಮತ್ತೆ ತನ್ನನ್ನ ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ ಸಂಖ್ಯೆ ಇರುತ್ತಲ್ಲಪ್ಪ, ಅಂಥವುಗಳಲ್ಲಿ ಕೊನೇದು ಯಾವುದು ಹುಡುಕು." ಅಮ್ಮ ಎಲ್ಲಿಂದಲೋ ಒಂದು ಸ್ಲೇಟು ತಂದುಕೊಟ್ಟಳು. ಅಪ್ಪ ಎಡಗೈಯಲ್ಲಿ ಬಳಪ ಹಿಡಿದು, ಕೋಳಿ ಕೆದರಿದ ಹಾಗೆ ಅಂಕಿ ಬರೆಯುತ್ತ, ಹುಡುಕುತ್ತ ಹೋದರು. ದೊಡ್ಡದು ಸಿಕ್ಕಷ್ಟೂ ಅದರಾಚೆ ಇನ್ನೊಂದು. ಕೊನೆಗೊಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಗಹಗಹಿಸಿ ನಗತೊಡಗಿದರು. ಏನೋ ಎಡವಟ್ಟಾಯಿತೆಂದು ಅಮ್ಮ ಓಡಿಬಂದರೆ, "ಇಲ್ಲ! ಕೊನೇದು ಅನ್ನೋದೇ ಇಲ್ಲ! ಯಾವ ಅಡ್ಮಿರಲ್ ಬಂದು ಇದೆ ಅಂದ್ರೂ ಇಲ್ಲ!" ಎಂದು ಕೂಗುತ್ತಿದ್ದರು. ಪಕ್ಕದ ಮುದುಕ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ.

ಅದೇ ದಿನಗಳಲ್ಲಿ ಒಬ್ಬ ಅಧಿಕಾರಿ ವಾರಕ್ಕೊಮ್ಮೆ ಬರುತ್ತಿದ್ದ. ಅವನ ಕೈಯಲ್ಲೊಂದು ಕಾಗದ. 'ನಿಲ್ಲಬಾರದ ಜಾಗದಲ್ಲಿ ನಾನು ನಿಂತಿದ್ದರಿಂದ ಅವಘಡವಾಯಿತು' ಎಂದು ಅದರಲ್ಲಿತ್ತು. ಅಪ್ಪ ಅದರ ಕೆಳಗೆ ಸಹಿ ಹಾಕಬೇಕಿತ್ತು.

"ಸಹಿ ಹಾಕಪ್ಪ, ಎಲ್ಲ ಇಲ್ಲಿಗೆ ಮುಗಿದುಹೋಗುತ್ತೆ."

"ಬಲಗೈಯಲ್ಲಿ ಹಾಕ್ತಿದ್ದೆ ಸಾರ್. ಅದನ್ನ ನಿಮ್ಮ ಹಗ್ಗ ತಗೊಂಡೋಯ್ತು. ಎಡಗೈ ಈಗಿನ್ನೂ ಕಲೀತಾ ಇದೆ."

"ಹಾಗಾದ್ರೆ ಹೆಬ್ಬೆಟ್ಟು ಒತ್ತು."

"ಓದು ಬರೋನು ಹೆಬ್ಬೆಟ್ಟು ಒತ್ತಿದ್ರೆ ಪಡೆಗೇ ಅವಮಾನ ಅಲ್ವಾ ಸಾರ್?"

ಮುಂದಿನ ವಾರ ಅದೇ ಮಾತು, ಅದರ ಮುಂದಿನ ವಾರವೂ ಅದೇ. ಅಧಿಕಾರಿ ಅತ್ತ ಹೋದದ್ದೇ ತಡ, ಅಪ್ಪ ದಿಂಬಿನಡಿಯಿಂದ ಸ್ಲೇಟು ಎಳೆದುಕೊಂಡು ಬರೆಯಲು ಕೂರುತ್ತಿದ್ದರು. ಅಮ್ಮ ನೋಡಿಯೂ ನೋಡದವಳಂತೆ ಇದ್ದಳು. ಒಮ್ಮೆ ಮಾತ್ರ ಸ್ಲೇಟಿಗೆ ಕಣ್ಣು ಹಾಯಿಸಿ, "ಇದು ವೃತ್ತಾನಾ, ಆಲೂಗಡ್ಡೆನಾ?" ಎಂದಳು. "ವೃತ್ತ ಅಂತ ಮೊದಲೇ ಹೇಳಿಬಿಟ್ಟಿದೀನಿ. ಇನ್ನು ಅದು ಹೇಗೆ ಕಂಡ್ರೂ ವೃತ್ತಾನೇ" ಎಂದರು ಅಪ್ಪ. ಅವತ್ತೇ ಈ ಮನುಷ್ಯನ ಜೊತೆ ಬಾಳಬಹುದು ಅನ್ನಿಸಿತು ಎಂದು ಅಮ್ಮ ಹೇಳುತ್ತಿದ್ದಳು. ಯಾಕೆಂದು ಮಾತ್ರ ಅವಳು ಬಿಡಿಸಿ ಹೇಳಿದ್ದಿಲ್ಲ.

ಕೊನೆಗೆ ಬೇಸತ್ತ ಅಧಿಕಾರಿ ಬೇರೊಂದು ಕಾಗದ ತಂದ. ಅದರಲ್ಲಿ ಜೋರು ಗಾಳಿಯಲ್ಲಿ ಹಡಗು ಕಟ್ಟುವಾಗ ಅವಘಡವಾಯಿತೆಂದಷ್ಟೇ ಇತ್ತು, ತಪ್ಪು ಯಾರ ಮೇಲೂ ಇರಲಿಲ್ಲ. ಅಪ್ಪ ಎರಡು ಸಲ ಓದಿ, ಎಡಗೈಯಲ್ಲಿ ಪೆನ್ನು ಹಿಡಿದು, ಮುತ್ತು ಪೋಣಿಸಿದ ಹಾಗೆ ಸಹಿ ಹಾಕಿದರು. ಅಧಿಕಾರಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ.

"ಯಾವಾಗ ಕಲಿತೆ ಇದನ್ನ?"

"ಇವತ್ತು ಸುಳ್ಳು ಬರೆದಿಲ್ಲ ಸಾರ್. ಅದಕ್ಕೇ ಕೈ ಓಡ್ತು."

ಪಡೆಯವರು ಬಿಡುಗಡೆ ಕೊಡುವಾಗ ಕರುಣೆಯಿಂದ ಒಂದು ಕೆಲಸವನ್ನೂ ತೋರಿಸಿದರು. ಯಾವುದೋ ಕಚೇರಿಯ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದು. ಒಂದು ಬೆರಳು ಸಾಕಾಗುವ ಕೆಲಸ. ಅಪ್ಪ ಕೈ ಮುಗಿಯಲು ಬಾರದೆಂದು ತಲೆ ಬಾಗಿಸಿ ಬೇಡವೆಂದರು. ನೇರ ಕಾಲೇಜಿಗೆ ಹೋಗಿ ಗಣಿತದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟರು. ಪ್ರವೇಶದ ಅವಧಿ ಮುಗಿದಿತ್ತು. ವಯಸ್ಸೂ ಮೀರಿತ್ತು. ಕಚೇರಿಯ ಗುಮಾಸ್ತ ಅವರ ತೋಳನ್ನೇ ನೋಡುತ್ತ, "ಒಂದು ಕೈಯಲ್ಲಿ ಮೂರು ಗಂಟೆ ಪರೀಕ್ಷೆ ಬರೆಯೋಕಾಗುತ್ತಾ?" ಎಂದು ಕೇಳಿದ್ದನಂತೆ. "ನೀವು ಎರಡರಲ್ಲಿ ಬರೀತಿದ್ರಾ?" ಎಂದು ಅಪ್ಪ ತಿರುಗಿ ಕೇಳಿದ್ದರಂತೆ.

ತರಗತಿಯ ಮೇಷ್ಟ್ರು ಹಾಜರಿ ಕೂಗಿ, ಹಿಂದೆ ಕೂತ ಗಡ್ಡದ ಆಸಾಮಿಯ ಕಡೆ ನೋಡಿದರು.

"ಯಾರಪ್ಪ ನೀನು?"

"ವಿದ್ಯಾರ್ಥಿ ಸಾರ್."

"ಹೆಸರು ಇಲ್ವಲ್ಲ ಇಲ್ಲಿ."

"ಹೆಸರು ನಿಧಾನಕ್ಕೆ ಬರುತ್ತೆ ಸಾರ್. ನೀವು ಪಾಠ ಶುರುಮಾಡಿ."

ಆ ಮೇಷ್ಟ್ರು ಒಳ್ಳೆಯವರು. ಹೊರಗೆ ಕಳಿಸಲಿಲ್ಲ. ಒಂದು ಟರ್ಮು ಪೂರ್ತಿ ಅಪ್ಪ ಹೆಸರಿಲ್ಲದೆ ಕೂತು ಕಲಿತ ಮೇಲೆ, ಮೇಷ್ಟ್ರೇ ಕಚೇರಿಗೆ ಹೋಗಿ ಜಗಳವಾಡಿ ಹೆಸರು ಸೇರಿಸಿದರು. ಮುಂದೆ ಅಪ್ಪ ಓದಿದರು, ಪಾಸಾದರು, ಮೇಲೆ ಮೇಲೆ ಓದಿದರು. ಅದೇ ಕಾಲೇಜಿನಲ್ಲಿ ಮೇಷ್ಟ್ರಾಗಿ, ಬಹಳ ವರ್ಷಗಳ ಮೇಲೆ ಪ್ರೊಫೆಸರ್ ಆದರು.

ನಡುವೆ ಮದುವೆಯೂ ಆಯಿತು. ಅಮ್ಮನ ಮನೆಯವರಿಗೆ ಅಳಿಯ ಒಂದಿಷ್ಟೂ ಹಿಡಿಸಿರಲಿಲ್ಲ. "ಕೈಲಾಗದವನನ್ನ ಕಟ್ಕೊಂಡು ಏನು ಮಾಡ್ತೀಯೆ?" ಎಂದು ಅವಳ ದೊಡ್ಡಮ್ಮ ಗೋಳಾಡಿದಾಗ ಅಮ್ಮ, "ಎರಡು ಕೈ ಇಟ್ಕೊಂಡು ದೊಡ್ಡಪ್ಪ ಒಂದು ದಿನ ತಟ್ಟೆ ತೊಳೆದಿದ್ದು ನೋಡಿದೀರಾ? ಇವರು ಒಂದರಲ್ಲಿ ತೊಳೀತಾರೆ" ಎಂದಳು. ಅಲ್ಲಿಗೆ ಆ ಮಾತು ನಿಂತಿತು. ದೊಡ್ಡಪ್ಪ ಮಾತ್ರ ಕೊನೆಯವರೆಗೂ ಅಪ್ಪನ ಮೇಲೆ ಮುನಿಸಿಕೊಂಡೇ ಇದ್ದರು.

ತರಗತಿಯಲ್ಲಿ ಅಪ್ಪನನ್ನು ನೋಡುವುದೇ ಒಂದು ಸೊಗಸು ಎಂದು ಅವರ ಶಿಷ್ಯರು ಹೇಳುತ್ತಾರೆ. ಡಸ್ಟರು ಬಲಗಂಕುಳಲ್ಲಿ ಸಿಕ್ಕಿಸಿದ್ದು. ಅದು ಬೇಕಾದಾಗ ಸೀಮೆಸುಣ್ಣ ಹಲ್ಲಿಗೆ ಹೋಗುತ್ತಿತ್ತು, ತುಟಿಯೆಲ್ಲ ಬಿಳಿ. ಎಡಗೈಯಲ್ಲಿ, ಬೋರ್ಡಿಗೆ ಒತ್ತಿ ನಿಂತು ಬರೆಯುವುದರಿಂದ ಬರೆದದ್ದನ್ನು ಮೈಯೇ ಮರೆ ಮಾಡುತ್ತಿತ್ತು. ಅವರು ಪಕ್ಕಕ್ಕೆ ಸರಿದಾಗಲೇ ಏನು ಬರೆದಿದ್ದಾರೆಂದು ತಿಳಿಯುವುದು. "ಪರದೆ ಸರೀತು, ನೋಡಿ!" ಎನ್ನುತ್ತಿದ್ದರು. ಎಡಗೈ ಮೇಷ್ಟ್ರು ಎಂಬ ಹೆಸರು ಹಾಗೆ ಬಂತು. ಲೆಕ್ಕ ತಪ್ಪಿದವರನ್ನು ಬೈದವರಲ್ಲ. ಗೊತ್ತಿಲ್ಲದೆ ಗೊತ್ತಿದೆ ಎಂದವರನ್ನು ಬಿಟ್ಟವರೂ ಅಲ್ಲ.

ಮಗಳಿಗೆ ಲೆಕ್ಕ ಹತ್ತಲೇ ಇಲ್ಲ. ಪ್ರೊಫೆಸರರ ಮಗಳು ಗಣಿತದಲ್ಲಿ ಡುಮ್ಕಿ ಎಂದು ಶಾಲೆಯಲ್ಲಿ ನಗೆಯಾಡಿದರು. ಅವಳು ಅಳುತ್ತ ಬಂದಾಗ ಅಪ್ಪ ಉತ್ತರಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬರದೇ ಇದ್ರೆ ಬಿಡು ಮಗಳೇ. ಆದ್ರೆ ಹೆದರಿ ಬಿಟ್ಟಿದೀಯಾ, ಬೇಡ ಅಂತ ಬಿಟ್ಟಿದೀಯಾ, ಅದನ್ನ ಯೋಚನೆ ಮಾಡು" ಎಂದರು. ಅವಳು ಯೋಚನೆ ಮಾಡಿ, ಬೇಡವೆಂದೇ ಬಿಟ್ಟಳು. ಮುಂದೆ ಕನ್ನಡಕದ ಕೆಲಸ ಕಲಿತು, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಸ್ವಂತ ಅಂಗಡಿ ಇಟ್ಟಳು. ಅಪ್ಪನ ಕನ್ನಡಕವೂ ಅಲ್ಲಿಯದೇ.

ಅಪ್ಪ ಪಡೆಯನ್ನು ಎಂದೂ ಹಳಿಯಲಿಲ್ಲ. ಸಮುದ್ರವನ್ನಂತೂ ಪ್ರಾಣದಂತೆ ಪ್ರೀತಿಸುತ್ತಿದ್ದರು. ವರ್ಷಕ್ಕೊಮ್ಮೆ ಮಾಜಿ ಸೈನಿಕರ ಕವಾಯತು ನಡೆದಾಗ ಹಳೆಯ ಟೋಪಿ ಹಾಕಿಕೊಂಡು ಹೊರಡುತ್ತಿದ್ದರು. ಮಗಳು ಚಿಕ್ಕವಳಾಗಿದ್ದಾಗ ಒಮ್ಮೆ ಅವರ ಜೊತೆ ಹೋಗಿದ್ದಳು. ಸಾಲಿನ ಉಸ್ತುವಾರಿ ಹೊತ್ತಿದ್ದವನು ಬಂದು ಮೆಲ್ಲಗೆ, "ಸಲ್ಯೂಟು ಬಲಗೈಯಲ್ಲೇ ಆಗಬೇಕು ಸಾರ್. ಸಾಲು ಚೆನ್ನಾಗಿ ಕಾಣಲ್ಲ. ನೀವು ಅಲ್ಲಿ ಕುರ್ಚಿ ಮೇಲೆ ಕೂತ್ಕೊಂಡ್ಬಿಡಿ" ಎಂದ.

"ಬಲಗೈ ಸಲ್ಯೂಟು ನಾನು ಆಗಲೇ ಕೊಟ್ಟಾಗಿದೆಯಪ್ಪ, ಕೈ ಸಮೇತ" ಎಂದರು ಅಪ್ಪ. "ಈಗ ಉಳಿದಿರೋದರಲ್ಲಿ ಕೊಡ್ತೀನಿ."

ಸಾಲು ಹೊರಟಿತು. ಎಲ್ಲರ ಬಲಗೈ ಮೇಲೆದ್ದಾಗ ಅಪ್ಪನ ಎಡಗೈ ಎದ್ದಿತು. ವೇದಿಕೆಯ ಮೇಲಿದ್ದ ಮುದಿ ಅಧಿಕಾರಿಯೊಬ್ಬರು ಅದನ್ನು ನೋಡಿ, ಒಂದು ಗಳಿಗೆ ತಡೆದು, ತಮ್ಮ ಎಡಗೈಯನ್ನೇ ಹಣೆಗೆ ತಂದರು. ಉಸ್ತುವಾರಿಯವನ ಮುಖ ಹುಳ್ಳಗಾಯಿತು. ಮಗಳು ಅವತ್ತು ಮನೆಗೆ ಬರುವ ದಾರಿಯುದ್ದಕ್ಕೂ ಕಂಡವರಿಗೆಲ್ಲ ಎಡಗೈಯಲ್ಲಿ ಸಲ್ಯೂಟು ಹೊಡೆದಳು.

ಅಪ್ಪನ ನಿವೃತ್ತಿ ಹತ್ತಿರವಾಗುತ್ತಿದ್ದ ಕಾಲಕ್ಕೆ ಕಾಲೇಜಿಗೆ ಹೊಸ ಆಡಳಿತ ಮಂಡಳಿ ಬಂತು. ಗಣಿತದ ಎಂಎಸ್ಸಿ ಮುಚ್ಚಿ, ಅದರ ಕೋಣೆಯಲ್ಲಿ ಬಿಸಿನೆಸ್ ಕೋರ್ಸು ತೆರೆಯುವುದೆಂದು ಅವರು ತೀರ್ಮಾನಿಸಿದರು. ಪ್ರಿನ್ಸಿಪಾಲರು ಅಪ್ಪನನ್ನು ಕರೆಸಿ ಚಹಾ ತರಿಸಿದರು.

"ನಿಮ್ಮಲ್ಲಿ ಇರೋದೇ ಬೆರಳೆಣಿಕೆ ವಿದ್ಯಾರ್ಥಿಗಳು ಪ್ರೊಫೆಸರೇ."

"ಒಂದು ಕೈ ಬೆರಳು ಸಾಕು ನಂಗೆ. ಅಷ್ಟೇ ಇರೋದು."

"ತಮಾಷೆ ಬೇಡಿ. ಈ ಕೋರ್ಸಿಗೆ ಈಗ ಬೆಲೆ ಇಲ್ಲ. ಇರೋ ವಿದ್ಯಾರ್ಥಿಗಳನ್ನ ಬೇರೆ ಊರಿನ ಕಾಲೇಜಿಗೆ ಕಳಿಸ್ತೀವಿ. ನಿಮಗಿನ್ನು ಎಷ್ಟು ದಿನ ಇದೆ? ಸುಮ್ಮನೆ ಕೈ ಕಟ್ಟಿ ಕೂತುಬಿಡಿ, ಗೌರವವಾಗಿ ಕಳಿಸಿಕೊಡ್ತೀವಿ."

"ಅದೊಂದು ನಂಗೆ ಬರಲ್ಲ ಸಾರ್. ಕೈ ಕಟ್ಟೋಕೆ ಇನ್ನೊಂದು ಬೇಕಲ್ಲ?" ಎಂದು ಅಪ್ಪ ಎದ್ದು ಬಂದರು. ಚಹಾ ಹಾಗೇ ಇತ್ತು.

ಸೋಮವಾರ ಹೋಗಿ ನೋಡಿದರೆ ಕೋಣೆಗೆ ಬೀಗ. ಕಾವಲುಗಾರ ತಲೆ ತಗ್ಗಿಸಿ ನಿಂತಿದ್ದ. "ತೆಗೆದ್ರೆ ನನ್ನ ಕೆಲಸ ಹೋಗುತ್ತೆ ಮೇಷ್ಟ್ರೇ."

"ತೆಗೀಬೇಡ ಮಾರಾಯ. ಬೀಗ ಹಾಕಿರೋದು ಕೋಣೆಗೆ ತಾನೇ? ಗಣಿತಕ್ಕೆ ಅಲ್ವಲ್ಲ."

ಮಗಳು ಅವತ್ತು ಅಪ್ಪನ ಹೊಸ ಕನ್ನಡಕ ಕೊಡಲು ಕಾಲೇಜಿಗೆ ಬಂದಿದ್ದಳು. ಅಪ್ಪ ಹಿತ್ತಲಿನಲ್ಲಿ, ಮುರಿದ ಬೆಂಚುಗಳ ರಾಶಿಯ ನಡುವೆ ಎಸೆದಿದ್ದ ಹಳೆಯ ಮರದ ಬೋರ್ಡಿನ ಒಂದು ತುದಿ ಹಿಡಿದು ಎಳೆಯುತ್ತಿದ್ದರು. ಇನ್ನೊಂದು ತುದಿ ನೆಲ ಕಚ್ಚಿತ್ತು.

"ಏನಪ್ಪಾ ಇದು? ಸೊಂಟ ಹಿಡ್ಕೊಂಡ್ರೆ ಯಾರು ನೋಡ್ಕೋತಾರೆ?"

"ಬೈಯೋದು ಆಮೇಲೆ ಬೈ. ಮೊದಲು ಆ ಕಡೆ ಹಿಡಿ."

ಅವಳು ಕೈಚೀಲ ಹೆಗಲಿಗೇರಿಸಿ ಹಿಡಿದಳು. ಅಪ್ಪ ಮಗಳು ಇಬ್ಬರೂ ಬೋರ್ಡು ಹೊತ್ತು, ಆಫೀಸಿನ ಕಿಟಕಿಗಳ ಮುಂದಿನಿಂದಲೇ ನಡೆದು, ಸೈಕಲ್ ಸ್ಟ್ಯಾಂಡಿಗೆ ತಂದು ಕಂಬಕ್ಕೆ ಒರಗಿಸಿದರು. ವಿದ್ಯಾರ್ಥಿಗಳು ಸೈಕಲ್ಲುಗಳ ನಡುವೆ ಕೂತರು. ಮುಂದಿನ ಸಾಲಿನಲ್ಲಿ ದರ್ಜಿಯೊಬ್ಬನ ಮಗಳು, ಬಹಳ ಚುರುಕಿನ ಹುಡುಗಿ, ಸ್ಕೂಟರಿನ ಸೀಟನ್ನೇ ಮೇಜು ಮಾಡಿಕೊಂಡಳು. ಕನ್ನಡಕ ಹಾಕಿಕೊಂಡ ಅಪ್ಪ ಪಾಠ ಶುರು ಮಾಡಿದರು. ಅಂಗಡಿ ತೆರೆಯಲು ಹೊತ್ತಾಗುತ್ತಿದ್ದರೂ ಮಗಳು ಅಲ್ಲೇ ನಿಂತಿದ್ದಳು. ಬೋರ್ಡಿನ ಮೇಲಿದ್ದದ್ದು ಅವಳಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಪಾಠ ಮುಗಿದ ಮೇಲೇ ಹೊರಟಳು.

ಆಡಳಿತದವರು ಸುಮ್ಮನಿರಲಿಲ್ಲ. ಮೊದಲು ನೋಟೀಸು ಬಂತು. ಆಮೇಲೆ ಸರಿಯಾಗಿ ಪಾಠದ ಹೊತ್ತಿಗೆ ಪಕ್ಕದಲ್ಲೇ ಹುಲ್ಲು ಕತ್ತರಿಸುವ ಯಂತ್ರ ಓಡಿಸತೊಡಗಿದರು. ಹುಲ್ಲೆಲ್ಲ ಮುಗಿದು ಬರೀ ಮಣ್ಣು ಉಳಿದರೂ ಯಂತ್ರ ಓಡುತ್ತಲೇ ಇತ್ತು. ಆದರೆ ಅಪ್ಪನದು ಹಡಗಿನ ಮೇಲೆ ಬಿರುಗಾಳಿಗೆ ಎದುರಾಗಿ ಕೂಗಿ ಪಳಗಿದ ಗಂಟಲು. ಯಂತ್ರದ ಸದ್ದು ಏರಿದಷ್ಟೂ ಅವರ ದನಿ ಏರಿತು. ಮೂರನೆಯ ಮಹಡಿಯಲ್ಲಿ ಕೂತ ಬಿಸಿನೆಸ್ ಕೋರ್ಸಿನವರಿಗೂ ಗಣಿತ ಕೇಳಿಸತೊಡಗಿತು. ಆಮೇಲೆ ಮಳೆ. ಒದ್ದೆ ಬೋರ್ಡಿನ ಮೇಲೆ ಸೀಮೆಸುಣ್ಣ ಹತ್ತಲಿಲ್ಲ. ಅಪ್ಪ ಬೋರ್ಡಿಗೆ ಬೆನ್ನು ಹಾಕಿ ನಿಂತು, "ಎಲ್ಲ ಕಣ್ಣು ಮುಚ್ಚಿ. ನಿಮ್ಮ ನಿಮ್ಮ ತಲೆಯೊಳಗೆ ಒಂದೊಂದು ಬೋರ್ಡಿದೆ, ಅದಕ್ಕೆ ಯಾವ ಸೂಳೆಮಗ ಬೀಗ ಹಾಕ್ತಾನೋ ನೋಡೋಣ" ಎಂದು ಬಾಯಲ್ಲೇ ಪಾಠ ಮುಗಿಸಿದರು. ಅಪ್ಪ ಕೆಟ್ಟ ಮಾತಾಡಿದ್ದನ್ನು ಶಿಷ್ಯರು ಕೇಳಿದ್ದು ಅದೊಂದೇ ಸಲ. ಪಡೆಯಲ್ಲಿ ಕಲಿತದ್ದು ಪೂರ್ತಿ ಮರೆತಿರಲಿಲ್ಲ ಎಂದು ಅಮ್ಮ ನಕ್ಕಳು.

ಕೆಲವು ದಿನ ಕಳೆದ ಮೇಲೆ ಕೆಮಿಸ್ಟ್ರಿ ಮೇಡಂ ತಮ್ಮ ತರಗತಿಯನ್ನೆಲ್ಲ ಕರೆದುಕೊಂಡು ಸೈಕಲ್ ಸ್ಟ್ಯಾಂಡಿಗೆ ಬಂದರು. ಹಿಂದೊಮ್ಮೆ ಯಾವುದೋ ಪರೀಕ್ಷೆಯ ವಿಷಯಕ್ಕೆ ಅಪ್ಪನ ಜೊತೆ ಜಗಳವಾಗಿ, ಆಕೆ ಅವರೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು.

"ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂದಿಲ್ಲ" ಎಂದರು ಮೇಡಂ. "ಇವತ್ತು ನಿಮ್ಮ ಕೋಣೆ, ನಾಳೆ ನಮ್ಮ ಲ್ಯಾಬು. ಅದಕ್ಕೆ ಬಂದೆ."

"ಕಾರಣ ಏನಾದ್ರೂ ಇರಲಿ, ಬಿಸಿಲು ಬೀಳದ ಕಡೆ ಕೂರಿಸಿ ಮಕ್ಕಳನ್ನ" ಎಂದರು ಅಪ್ಪ. ಇಬ್ಬರೂ ಆ ಕಂಬದಿಂದ ಒಬ್ಬರು, ಈ ಕಂಬದಿಂದ ಒಬ್ಬರು ಪಾಠ ಮಾಡಿದರು. ಅದು ಬಾಯಿಂದ ಬಾಯಿಗೆ ಊರಿಗೆಲ್ಲ ಹಬ್ಬಿತು.

ಅಷ್ಟರಲ್ಲಿ ವಿಶ್ವವಿದ್ಯಾಲಯದ ತಪಾಸಣಾ ತಂಡ ಬಂತು. ಪ್ರಿನ್ಸಿಪಾಲರು ಅವರನ್ನು ಹಿಂದಿನ ಗೇಟಿನಿಂದ ಕರೆತಂದು, ಹೊಸ ಹವಾನಿಯಂತ್ರಿತ ಕೋಣೆ ತೋರಿಸುತ್ತಿದ್ದರು. ಮುಚ್ಚಿದ ಕಿಟಕಿಯಾಚೆಯಿಂದ ಒಂದು ದನಿ ಖಣಿಖಣಿ ಬರುತ್ತಲೇ ಇತ್ತು. ತಂಡದ ಮುಖ್ಯಸ್ಥೆ ಕಿಟಕಿ ತೆರೆಸಿ ಕೆಳಗೆ ಬಗ್ಗಿ ನೋಡಿದರು.

"ಅದೇನದು?"

"ಏನಿಲ್ಲ ಮೇಡಂ. ಒಬ್ಬರು ವಯಸ್ಸಾದವರು..."

ಆಕೆ ಮೆಟ್ಟಿಲಿಳಿದು ನೇರ ಸ್ಟ್ಯಾಂಡಿಗೆ ಬಂದರು. ಅಪ್ಪ ತಿರುಗಿಯೂ ನೋಡದೆ, "ತಡವಾಗಿ ಬಂದವರು ಹಿಂದೆ ಕೂತ್ಕೊಳಿ" ಎಂದರು. ಆಕೆ ಹಿಂದೆ ಹೋಗಿ ಒಂದು ಸೈಕಲ್ಲಿನ ಕ್ಯಾರಿಯರಿಗೆ ಒರಗಿ ನಿಂತರು. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದರು. ಓದುತ್ತಿರುವವರು ಇರುವಾಗ ಕೋರ್ಸು ಮುಚ್ಚುವಂತಿಲ್ಲವೆಂದು ಕೆಲವೇ ದಿನಗಳಲ್ಲಿ ವಿಶ್ವವಿದ್ಯಾಲಯದಿಂದ ಆದೇಶ ಬಂತು. ಹಳೆಯ ಕೋಣೆ ಸಿಗಲಿಲ್ಲ. ಉಗ್ರಾಣದ ಪಕ್ಕದ ಸಣ್ಣದೊಂದು ಕೋಣೆ ಕೊಟ್ಟರು. ಒಂದೇ ಕಿಟಕಿ, ಅದೂ ಪಾಯಿಖಾನೆಯ ಕಡೆಗೆ. ಅಪ್ಪ ಬೋರ್ಡು ಹೊತ್ತು ಅಲ್ಲಿಗೆ ಸಾಗಿಸಿದರು. ಈ ಸಲ ಇನ್ನೊಂದು ತುದಿ ಹಿಡಿಯಲು ನೂಕುನುಗ್ಗಲು.

ಕೋರ್ಸು ಉಳಿಯಿತು, ಅಪ್ಪನನ್ನು ಉಳಿಸಲಿಲ್ಲ. ಅಶಿಸ್ತಿನ ಆರೋಪದ ಮೇಲೆ ಅಮಾನತು ಮಾಡಿದರು. ಕ್ಷಮೆ ಕೇಳಿದರೆ ವಾಪಸು ತೆಗೆದುಕೊಳ್ಳುತ್ತೇವೆಂದು, ಮರ್ಯಾದೆಯ ಬೀಳ್ಕೊಡುಗೆ ಮಾಡುತ್ತೇವೆಂದು ಹೇಳಿಕಳಿಸಿದರು. ಅಮ್ಮ ಆಗ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಳು. ಮಗಳಿಗೆ ಸಾಕುಸಾಕಾಗಿತ್ತು.

"ಒಂದು ಸಾಲು ಬರೆದುಕೊಟ್ಟುಬಿಡಿ ಅಪ್ಪಾ. ನಿಮ್ಮ ಗಂಟೇನು ಹೋಗುತ್ತೆ?"

ಒಳಗಿನಿಂದ ಅಮ್ಮ ಕ್ಷೀಣ ದನಿಯಲ್ಲಿ, "ಅವರಿಗೆ ಸಹಿ ಹಾಕೋಕೆ ಬರಲ್ಲ ಕಣೆ" ಎಂದಳು. ಮೂವರೂ ನಕ್ಕರು. ನಕ್ಕು ನಕ್ಕು ಅಮ್ಮನಿಗೆ ಕೆಮ್ಮು ಬಂತು, ಮಗಳು ನೀರು ತರಲು ಎದ್ದಳು. ಆ ವಿಷಯ ಮತ್ತೆ ಮನೆಯಲ್ಲಿ ಬರಲಿಲ್ಲ. ನಿವೃತ್ತಿಯ ದಿನ ಅಪ್ಪ ಎಂದಿನಂತೆ ಇಸ್ತ್ರಿ ಅಂಗಿ ಹಾಕಿಕೊಂಡು, ಕಾಲೇಜಿನ ಗೇಟಿನವರೆಗೆ ನಡೆದು ಹೋಗಿ, ಕಾವಲುಗಾರನ ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು ಹರಟೆ ಹೊಡೆದು ಮನೆಗೆ ಬಂದರು. ಅಷ್ಟೇ ಅವರ ಬೀಳ್ಕೊಡುಗೆ.

ಅಮ್ಮ ಹೋದ ಮೇಲೂ ಅಪ್ಪ ಬಹಳ ವರ್ಷ ಬದುಕಿದ್ದರು. ಮಗಳ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಸದ್ದಿನ ನಡುವೆ, ಬಂದವರಿಗೆಲ್ಲ ಗಣಿತ ಹೇಳಿಕೊಡುತ್ತಿದ್ದರು. ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು, "ಐವತ್ತು-ಐವತ್ತು ಅನ್ಕೊಳಿ ಯಜಮಾನರೇ" ಎಂದರು. ಅಪ್ಪ ಆಮ್ಲಜನಕದ ಮುಖವಾಡ ಸರಿಸಿ, "ಗೊತ್ತಿಲ್ಲ ಅನ್ನೋಕೆ ಐವತ್ತು-ಐವತ್ತು ಅನ್ನಬೇಡಿ ಡಾಕ್ಟ್ರೇ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ನಾನೇನೂ ಬೇಜಾರು ಮಾಡ್ಕೊಳಲ್ಲ" ಎಂದರು. ಡಾಕ್ಟರು ಗೊತ್ತಿಲ್ಲ ಎಂದರು. ಎರಡು ದಿನದ ಮೇಲೆ ಬೆಳಗಿನ ಹೊತ್ತು, ಮಗಳು ಅವರ ಗಡ್ಡ ಹೆರೆಯುತ್ತಿದ್ದಾಗ, ಅಪ್ಪ ತೀರಿಕೊಂಡರು.

ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಅವರನ್ನು ಅಮಾನತು ಮಾಡಿದವರು ಯಾರೂ ಆಗ ಅಲ್ಲಿರಲಿಲ್ಲ. ಆಡಳಿತ ಮಂಡಳಿಯ ಈಗಿನ ಕಾರ್ಯದರ್ಶಿ ಮೈಕಿನ ಮುಂದೆ ನಿಂತು, "ಸೌಮ್ಯತೆಯೇ ಮೂರ್ತಿವೆತ್ತಂತಿದ್ದರು. ಸಂಸ್ಥೆಗೆ ಎಂದೂ ಎದುರಾಡಿದವರಲ್ಲ" ಎಂದು ಓದಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದಂತೆ ಮಾಡಿದರು. ಬಿಸಿನೆಸ್ ವಿಭಾಗದ ಸಭಾಂಗಣಕ್ಕೆ ಅಪ್ಪನ ಹೆಸರಿಟ್ಟು, ಅಲ್ಲಿ ಅವರ ಫೋಟೋ ಹಾಕುವುದಾಗಿ ಘೋಷಿಸಿದರು. ಮನೆಯವರ ಪರವಾಗಿ ಎರಡು ಮಾತಾಡಿ ಎಂದು ಮಗಳನ್ನು ಕರೆದರು.

ಅವಳು ಧನ್ಯವಾದ ಹೇಳಲೆಂದೇ ಎದ್ದವಳು. ಮೈಕಿನ ಮುಂದೆ ನಿಂತಾಗ ಎದುರಿಗೆ ದರ್ಜಿಯ ಮಗಳು ಕಂಡಳು. ಅಪ್ಪನ ಆ ಶಿಷ್ಯೆ ಈಗ ಅದೇ ಉಗ್ರಾಣದ ಪಕ್ಕದ ಕೋಣೆಯಲ್ಲಿ ಗಣಿತದ ಅಧ್ಯಾಪಕಿ. ಖಾಲಿಯಾದ ಹುದ್ದೆಗಳನ್ನು ತುಂಬದೆ ಬಿಟ್ಟು, ಎಲ್ಲ ಪಾಠಗಳನ್ನೂ ಅವಳೊಬ್ಬಳ ತಲೆಗೇ ಕಟ್ಟಿದ್ದರು. ಮುಖ ಬಾಡಿತ್ತು, ಬೆರಳ ತುದಿಯೆಲ್ಲ ಸೀಮೆಸುಣ್ಣ.

"ನಮ್ಮಪ್ಪ ಸೌಮ್ಯ ಅಲ್ಲ" ಎಂದಳು ಮಗಳು. "ಮಹಾ ಜಗಳಗಂಟ. ಈ ಕಾಲೇಜಿನ ಜೊತೆ ಸೈಕಲ್ ಸ್ಟ್ಯಾಂಡಲ್ಲಿ ನಿಂತು ಜಗಳ ಆಡಿದಾರೆ, ನೀವು ಅಮಾನತು ಮಾಡಿದ್ರಿ, ಕ್ಷಮೆ ಕೇಳಲಿಲ್ಲ ಅಂತ ಒಂದು ಲೋಟ ಚಹಾನೂ ಕೊಡದೆ ಕಳಿಸಿದ್ರಿ. ಅದನ್ನ ಸೇರಿಸಿ ಓದಿ ಸಾರ್. ಅದನ್ನ ಬಿಟ್ರೆ ಅದು ಬೇರೆ ಯಾರದ್ದೋ ಬದುಕು, ನಮ್ಮಪ್ಪಂದಲ್ಲ."

ಕಾರ್ಯದರ್ಶಿ ಕೈಯಲ್ಲಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟರು.

"ಸಭಾಂಗಣಕ್ಕೆ ಅವರ ಹೆಸರು ಬೇಡ. ಗಣಿತ ವಿಭಾಗದಲ್ಲಿ ಎರಡು ಹುದ್ದೆ ಖಾಲಿ ಬಿಟ್ಟಿದೀರಲ್ಲ, ಅದನ್ನ ತುಂಬಿ. ಇಬ್ಬರು ಮೇಷ್ಟ್ರು ಬಂದ ದಿನ ನಾನೇ ಫೋಟೋ ತಂದು ಮೊಳೆ ಹೊಡೀತೀನಿ."

ಕಾರ್ಯದರ್ಶಿ ಕೆಂಪಗಾಗಿ, "ಇದು ಅದಕ್ಕೆ ಸಂದರ್ಭ ಅಲ್ಲಮ್ಮ" ಎಂದರು.

"ಸಂದರ್ಭ ನೋಡಿ ಮಾತಾಡೋದನ್ನ ನಮ್ಮನೇಲಿ ಯಾರೂ ಕಲಿಸಲಿಲ್ಲ ಸಾರ್."

ಮುಂದಿನ ಸಾಲಿನಲ್ಲಿ ಕೋಲೂರಿಕೊಂಡು ಕೂತಿದ್ದ ಹಣ್ಣುಹಣ್ಣು ಮುದುಕಿ ಕೆಮಿಸ್ಟ್ರಿ ಮೇಡಂ ಚಪ್ಪಾಳೆ ತಟ್ಟಿದರು. ಕೋಲು ಜಾರಿ ದಢಕ್ಕನೆ ಬಿತ್ತು. ಹಿಂದಿನಿಂದ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರೇ ಎದ್ದು ನಿಂತರು. ಕೆಲವರು ಎಡಗೈ ಎತ್ತಿದರು.

ಆಮೇಲೆ ಅವರೆಲ್ಲ ಸೇರಿ ವಿಶ್ವವಿದ್ಯಾಲಯಕ್ಕೆ ಬರೆದರು, ಅಲ್ಲಿಗೆ ಹೋಗಿ ಕೂತರು, ಬೆನ್ನು ಬಿಡಲಿಲ್ಲ. ಕೊನೆಗೆ ಒಂದು ಹುದ್ದೆ ತುಂಬಿತು. ಹೊಸ ಮೇಷ್ಟ್ರು ಬಂದ ವಾರವೇ ಕಾರ್ಯದರ್ಶಿಯ ಕಚೇರಿಯಿಂದ ಅಂಗಡಿಗೆ ಫೋನು ಬಂತು.

"ಒಬ್ಬರು ಬಂದಾಯ್ತಲ್ಲ ಮೇಡಂ. ಈಗಲಾದರೂ ಫೋಟೋ ಕಳಿಸಿ."

"ಇಬ್ಬರು ಅಂದಿದ್ದೆ" ಎಂದು ಮಗಳು ಫೋನಿಟ್ಟಳು.

ಎದುರಿಗೆ ಕೂತು ಅಕ್ಷರದ ಹಲಗೆ ಓದುತ್ತಿದ್ದ ಗಿರಾಕಿ, ಗೋಡೆಯ ಮೇಲಿದ್ದ ಫೋಟೋದತ್ತ ನೋಡಿ, "ಯಾರಮ್ಮ ಅದು, ಟೋಪಿ ಹಾಕಿರೋರು?" ಎಂದ.

"ನಮ್ಮಪ್ಪ. ಕಾಲೇಜಿನವರು ಕೇಳ್ತಾನೇ ಇದಾರೆ, ನಾನು ಕೊಟ್ಟಿಲ್ಲ" ಎಂದು ಅವಳು ಅವನ ಮೂಗಿನ ಮೇಲೆ ಬೇರೆ ಗಾಜು ಕೂರಿಸಿದಳು. "ಈಗ ಕೆಳಗಿನ ಸಾಲು ಓದಿ."